ಅರ್ಧ ಸುತ್ತು

ತಪ್ಪು ಮಾಡಿದವನ ಕತೆಯನ್ನು ಅವನ ಪಕ್ಕದಲ್ಲೇ ಕೂತು ಹೇಳುವುದು ಅಧಿಕಪ್ರಸಂಗ ಎನ್ನಿಸಿದರೆ ಕ್ಷಮಿಸಬೇಕು. ಮೆಕ್ಯಾನಿಕ್ ಕೆಟ್ಟವನಲ್ಲ, ಹೊಟ್ಟೆ ಉರಿದವನು. ಮಾವನ ಹಳೆಯ ಫೋರ್‌ವೀಲ್ ಡ್ರೈವ್ ಗಾಡಿಯನ್ನು ಹದಿನಾರು ವರ್ಷ ಮಗುವಿನಂತೆ ಸಾಕಿದ್ದ. ವಯಸ್ಸಾಯಿತೆಂದು ಮಾವ ಓಡಿಸುವುದನ್ನು ಬಿಟ್ಟಾಗ ಗಾಡಿ ದೊಡ್ಡ ಅಳಿಯನ ಪಾಲಾಯಿತು. ಆ ಷಡ್ಡಕನಿಗೆ ಟೈರಿಗೆ ಗಾಳಿ ಹಿಡಿಸಲೂ ಬಾರದು. ಮೆಕ್ಯಾನಿಕ್‌ನ ಹೆಂಡತಿ ಕೇಳಿದ್ದಕ್ಕೆ ಮಾವ, ಅವರು ದೊಡ್ಡವರಲ್ಲವೇ ಎಂದರಂತೆ.

ಆ ಗಾಡಿಗೆ ಉಕ್ಕಿನ ಸ್ಪ್ರಿಂಗ್ ಇಲ್ಲ. ನಾಲ್ಕು ಮೂಲೆಗೂ ರಬ್ಬರಿನ ಗಾಳಿಚೀಲ, ಅವಕ್ಕೆ ಗಾಳಿ ತುಂಬಲು ಒಂದು ಕಂಪ್ರೆಸರ್. ಗಾಡಿ ಒಪ್ಪಿಸುವ ಮುಂಚಿನ ಸರ್ವಿಸಿನಲ್ಲಿ ಅವನು ಹಿಂದಿನ ಎಡಚೀಲದ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿದ. ಪೂರ್ತಿ ಸುತ್ತು ಸಡಿಲಿಸಿದರೆ ಗಾಡಿ ದಾರಿಯಲ್ಲೇ ಕುಸಿದೀತು. ಒಳಗೆ ಹೆಂಡತಿಯ ಅಕ್ಕನೂ ಕೂತಿರುತ್ತಾಳೆ. ಅರ್ಧಕ್ಕಾದರೆ ಗಾಳಿ ಮೆಲ್ಲಗೆ ಸೋರಿ ಗಾಡಿ ನಿಂತಲ್ಲೇ ಹಿಂಗಾಲು ಮಡಿಸಿ ಕೂರುತ್ತದೆ, ಚಾಲೂ ಮಾಡಿದರೆ ಮತ್ತೆ ಗಾಳಿ ತುಂಬಿ ಏಳುತ್ತದೆ. ಪಾಪಭೀತಿ ಇಟ್ಟುಕೊಂಡೇ ಮಾಡಿದ ಪಾಪ.

ಬಿಗಿ ಮಾಡಿದ ಪ್ರತಿ ನಟ್ಟಿಗೂ ಅದರ ಬುಡಕ್ಕೂ ಸೇರಿಸಿ ಅವನು ಹಳದಿ ಬಣ್ಣದ ಗೆರೆ ಎಳೆಯುತ್ತಿದ್ದ. ನಟ್ಟು ಕದಲಿದರೆ ಗೆರೆ ಮುರಿದು ಗೊತ್ತಾಗುತ್ತದೆ. ಇಲ್ಲಿಯೂ ಮುರಿದಿತ್ತು. ಅದನ್ನೂ ಯೋಚಿಸಿದ್ದ: ಕುಲುಕಾಟಕ್ಕೆ ಸಡಿಲವಾಯಿತು ಎನ್ನಲು ಆ ಗೆರೆಯೇ ಸಾಕ್ಷಿ.

ಷಡ್ಡಕ ಮೂರು ಸಲ ಗಾಡಿ ತಂದ. ಮೆಕ್ಯಾನಿಕ್ ಮುಖ ಗಂಟಿಕ್ಕಿ ರಿಲೇ ಬದಲಿಸಿದ, ಎತ್ತರ ಅಳೆಯುವ ಸೆನ್ಸರ್ ಒರೆಸಿದ, ವಾಲ್ವ್ ಬಿಚ್ಚಿ ತೊಳೆದ. ಮೋಸದಲ್ಲೂ ಮೈಗಳ್ಳತನ ಅವನಿಗೆ ಬಾರದು. ಆ ಒಂದು ನಟ್ಟು ಬಿಟ್ಟು ಮಿಕ್ಕದ್ದೆಲ್ಲ ಹೊಸದರಂತಾಯಿತು. ಕೊನೆಗೆ ಆಫೀಸಿನ ಗೇಟಿನವನು, "ಎಮ್ಮೆ ಇವತ್ತೂ ಕೂತಿದೆಯಲ್ಲ ಸಾರ್, ಕರು ಹಾಕೋದು ಯಾವಾಗ?" ಎಂದು ಕೇಳಿದ ಮೇಲೆ ಷಡ್ಡಕ ಸೋತ.

"ತಮ್ಮಾ, ಈ ಬಿಳಿಯಾನೆ ನೀನೇ ಕಟ್ಕೋ. ನಂಗೆ ಬಸ್ಸೇ ಸಾಕು."

ಮೆಕ್ಯಾನಿಕ್ ಬೇಡವೆಂದ. ಒಂದೇ ಸಲ ಎಂದ.

ಉಳಿದದ್ದು ಮಾವನ ಒಪ್ಪಿಗೆ. ಅವರು ಕೀಲಿಕೈ ಹಿಡಿದು ಷೆಡ್ಡಿಗೇ ಬಂದರು. ಕಾಯಿಲೆ ಏನೆಂದು ಕಣ್ಣಾರೆ ತೋರಿಸಿದರೆ ಗಾಡಿ ನಿಮ್ಮದು ಎಂದರು. ಇದೂ ಅವನ ಎಣಿಕೆಯಲ್ಲಿತ್ತು. ಗಾಡಿಯಡಿಯ ಹೊಂಡಕ್ಕಿಳಿದು ಅಲ್ಲಲ್ಲಿ ಸೋಪುನೀರು ಚಿಮುಕಿಸಿದ. ಆ ನಟ್ಟಿನ ಬಳಿ ಗುಳ್ಳೆ ಎದ್ದವು.

"ಸಿಕ್ತು ಮಾವ. ಕುಲುಕಾಟಕ್ಕೆ ತಾನಾಗೇ ಸಡಿಲ ಆಗಿದೆ. ನೋಡಿ, ನನ್ನ ಗೆರೆ ಮುರಿದಿದೆ."

ಮಾವ ಮೆಟ್ಟಿಲಿಳಿದು, ಕನ್ನಡಕ ಏರಿಸಿ, ಟಾರ್ಚ್ ಹಿಡಿದರು. ಮುರಿದ ಗೆರೆ ಇತ್ತು. ಅದರ ಪಕ್ಕದಲ್ಲೇ ಇನ್ನೊಂದಿತ್ತು: ಹೊಸದು, ನೆಟ್ಟಗಿನದು, ಎಲ್ಲೂ ಮುರಿಯದ್ದು. ನಟ್ಟು ಸಡಿಲಿಸಿದ ದಿನ, ಸ್ಪ್ಯಾನರ್ ಕೆಳಗಿಟ್ಟ ಕೈ ಹದಿನಾರು ವರ್ಷದ ರೂಢಿಯಂತೆ ಅವನನ್ನು ಕೇಳದೆಯೇ ಕುಂಚ ಎತ್ತಿಕೊಂಡಿತ್ತು. "ಸಡಿಲ ಆದ್ಮೇಲೆ ಗೆರೆ ಎಳೆದೋರು ಯಾರು, ಅಳಿಯಂದ್ರೇ?" ಎಂದು ಮಾವ ಮೆಲ್ಲಗೆ ಕೇಳಿ, ಕೀಲಿಕೈಯನ್ನು ಜೇಬಿಗಿಳಿಸಿ ಮೆಟ್ಟಿಲು ಹತ್ತಿದರು. ಅದನ್ನು ಅವರು ಮನೆಯಲ್ಲಿ ಹೇಳಿದರೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.