ಹೂಪಂಜಿನ ಸಾಲಿನಲ್ಲೊಂದು ಜಾಗ

ಈಸ್ಟರ್ ಭಾನುವಾರ ಮಧ್ಯಾಹ್ನ ಕೋಟೆಯ ನೆಲದಡಿಯ ನೀರಿನ ತೊಟ್ಟಿಯೊಳಗೆ ಹೆಣ ಕಂಡಾಗ, ಅದು ಲೀನೊ ಎಂದೇ ನಾವೆಲ್ಲ ತಿಳಿದೆವು. ತಿಳಿಯದೆ ಇನ್ನೇನು? ಅರಬರ ಕಾಲದ ಆ ತೊಟ್ಟಿಯ ಕತ್ತಲಲ್ಲಿ ಬೋರಲಾಗಿ ತೇಲುತ್ತಿದ್ದದ್ದು ನಮ್ಮ ಚರ್ಚಿನ ಸೋದರ ಸಂಘದ ಕೆಂಪು ನಿಲುವಂಗಿ. ತಲೆಯ ಮೇಲೆ ಮುಸುಕು ಇತ್ತು. ಭುಜದ ಮೇಲೆ ಲೀನೊನ ತಾಯಿ ಹೊಲಿದ ಕಪ್ಪು ತೇಪೆ ಇತ್ತು. ಅಲ್ಕಾರಿಯ ಊರಿನಲ್ಲಿ ಆ ಅಂಗಿಯನ್ನು ಗಂಡಸರಲ್ಲದೆ ಬೇರೆ ಯಾರೂ ತೊಡುವುದಿಲ್ಲ.

ಬೆಳಿಗ್ಗೆಯಷ್ಟೇ ಆ ತೇಪೆಯ ಹಿಂದೆಯೇ ನಾನು ನಡೆದಿದ್ದೆ. ಹೂ ಹಾಸಿದ ಬೀದಿಗಳಲ್ಲಿ ಎರಡು ಸಾಲು ಗಂಡಸರು ಮುಸುಕು ಹಾಕಿ, ಹೂವಿನ ಪಂಜು ಹಿಡಿದು, "ಪ್ರಭು ಎದ್ದನು, ಹೇಳಿದ ಹಾಗೇ ಎದ್ದನು!" ಎಂದು ಗಂಟಲು ಹರಿಯುವಂತೆ ಕೂಗಿದ್ದೆವು. ನನ್ನ ಮುಂದಿದ್ದ ಲೀನೊ ಮಾತ್ರ ಒಂದು ಸಲವೂ ಬಾಯಿ ತೆರೆದಿರಲಿಲ್ಲ. ರಾತ್ರಿಯ ಸಾರಾಯಿ ಇನ್ನೂ ಇಳಿದಿಲ್ಲವೆಂದು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಮೆರವಣಿಗೆ ಮುಗಿದ ಮೇಲೆ ಒಬ್ಬೊಬ್ಬರಾಗಿ ಪಂಜನ್ನು ಕೋಟೆಗೋಡೆಗೆ ಒರಗಿಸಿ ಊಟಕ್ಕೆ ಹೋಗುವುದು ನಮ್ಮ ಪದ್ಧತಿ. ಕೋಟೆ ಕಾವಲುಗಾರನ ಕೂಗು ಕೇಳಿದಾಗ ನನ್ನ ತಟ್ಟೆಯಲ್ಲಿ ಆಡಿನ ಮಾಂಸ ಇನ್ನೂ ಹೊಗೆಯಾಡುತ್ತಿತ್ತು. ಆ ಊಟ ನನಗೆ ದಕ್ಕಲಿಲ್ಲ.

ಸಂಘದ ಯಜಮಾನ ಅಮಾನ್ಸಿಯೊ ತೇಲೆಸ್ ನಮಗಿಂತ ಮೊದಲೇ ಅಲ್ಲಿದ್ದರು. ನಮ್ಮ ಬೆಟ್ಟದ ಕಾರ್ಕ್ ಮರಗಳಲ್ಲಿ ಅರ್ಧ ಅವರವು. ಒಂದೇ ಒಂದು ಪೂಜೆ ತಪ್ಪಿಸಿದವರಲ್ಲ. ಅವರು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು.

"ಅಯ್ಯೋ ಲೀನೊ! ನೀವು ಮೇಲಕ್ಕೆತ್ತಿ. ನಾನು ಹೋಗಿ ಸಾವಿನ ಗಂಟೆ ಹೊಡೆಸ್ತೀನಿ," ಎಂದು ಇಳಿದು ಹೋದರು.

ಹಗ್ಗ ತರಲು ನನ್ನನ್ನು ಅಟ್ಟಿದರು. ಈ ಊರಲ್ಲಿ ಓಡುವ ಕೆಲಸವೆಲ್ಲ ಕ್ಷೌರಿಕನಾದ ನನ್ನ ಪಾಲಿಗೇ ಬರುತ್ತದೆ. ನಾನು ಊರಬಾವಿಯ ಹತ್ತಿರ ತಲುಪುವಷ್ಟರಲ್ಲಿ ಗಂಟೆ ಬಡಿದು ನಿಂತಿತ್ತು. ಕೊಡ ಹಿಡಿದ ಹೆಂಗಸರು ಶಾಲನ್ನು ತಲೆ ಮೇಲೆಳೆದುಕೊಂಡು ನಿಂತಿದ್ದರು.

"ಲೋ ಜೆಫೆರಿನೊ, ಸತ್ತದ್ದು ಯಾರೋ? ಯಾವ ಮನೆ ಹೆಂಗಸು?" ಎಂದು ನನ್ನನ್ನು ಕೇಳಿದಳು ಒಬ್ಬಳು.

"ಹೆಂಗಸಲ್ಲ ಕಣೆ, ಲೀನೊ. ಹಗ್ಗ ಬಿಡು."

"ಮತ್ತೆ ಎರಡೆರಡು ಪೆಟ್ಟು ಹೊಡೆದ್ನಲ್ಲ! ಗಂಡಸಿಗೆ ಮೂರು ಮೂರು ಹೊಡೀಬೇಕು. ಹಬ್ಬದ ವೈನು ಬಝೀಲಿಯೊನ ತಲೆಗೇರಿರಬೇಕು."

ಗಂಟೆಯವನಾದ ಬಝೀಲಿಯೊನ ಕುಡಿತ ಊರಿಗೇ ಗೊತ್ತಿದ್ದದ್ದು. ನಾನು ಹಗ್ಗ ಹೊತ್ತು ಓಡಿದೆ.

ಹೆಣವನ್ನು ಮೇಲಕ್ಕೆಳೆದು ಮುಸುಕು ಸರಿಸಿದೆವು. ಅದು ಲೀನೊ ಆಗಿರಲಿಲ್ಲ. ಅವನ ಹೆಂಡತಿ ಇದಲೀನ! ಊರಿನ ಅರ್ಧ ಪಂಜುಗಳಿಗೆ ಹೂ ಕಟ್ಟಿಕೊಟ್ಟ, ನಗುನಗುತ್ತ ಓಡಾಡುತ್ತಿದ್ದ ಹುಡುಗಿ. ನನಗೆ ಅಳು ಬಂತು, ಅತ್ತುಬಿಟ್ಟೆ.

ಲೀನೊ ಬೆಟ್ಟದ ಸಾರಾಯಿ ಭಟ್ಟಿಯ ಬಳಿ ಗೊರಕೆ ಹೊಡೆಯುತ್ತ ಬಿದ್ದಿದ್ದ. ಹಿಂದಿನ ದಿನದ ಗಂಡಹೆಂಡಿರ ಜಗಳವನ್ನು ಇಡೀ ಬೀದಿ ಕೇಳಿತ್ತು. ದಫೇದಾರ ವೆಂತೂರನಿಗೆ ಅಷ್ಟು ಸಾಕಾಯಿತು. ಅವನ ಲೆಕ್ಕದಲ್ಲಿ, ಲೀನೊ ಮೆರವಣಿಗೆಯಲ್ಲಿ ನಡೆದ, ಆಮೇಲೆ ಹೆಂಡತಿಯನ್ನು ಕೊಂದ, ತನ್ನ ಅಂಗಿಯಲ್ಲೇ ಸುತ್ತಿ ತೊಟ್ಟಿಗೆಸೆದ. ಮಂಗಳವಾರ ಜಿಲ್ಲಾ ಜೈಲಿಗೆ ಸಾಗಿಸುವುದೆಂದು ತೀರ್ಮಾನವಾಯಿತು.

ಅಂದು ಸಂಜೆ ಲೀನೊನ ತಾಯಿ ಪೆರ್ಪೆತುವಜ್ಜಿ ಔಷಧಿ ಅಂಗಡಿಯ ಬಾಗಿಲಲ್ಲಿ ಕುಸಿದು ಕೂತಳು. ಆ ಅಂಗಡಿ ವಿಧವೆ ದೋನಾ ಜೆರ್ಮಾನ ಅವರದು. ಹಿಂದೆ ವಿಷದ ವೈನಿನ ಗುಟ್ಟು ಒಡೆದದ್ದೂ, ಕದ್ದ ಸಂತನ ಕಿರೀಟ ಹುಡುಕಿದ್ದೂ ಅವರೇ. ನನ್ನ ಅಂಗಡಿ ಪಕ್ಕದ್ದೇ ಆದ್ದರಿಂದ ಅವರ ಚೀಲ ಹೊರುವ ಭಾಗ್ಯ ನನ್ನದು.

"ನನ್ನ ಮಗ ಕುಡುಕ ಹೌದಮ್ಮ, ಕೊಲೆಗಾರ ಅಲ್ಲ," ಎಂದು ಅಜ್ಜಿ ಬಿಕ್ಕಿದಳು. "ನಿನ್ನೆ ಅವಳು ಅವನ ಕಾಲು ಹಿಡಕೊಂಡಿದ್ಲು, ನಾಳೆ ಸಾಲಲ್ಲಿ ನಿಲ್ಲು ಅಂತ. ಸಾಲಲ್ಲಿ ಜಾಗ ಖಾಲಿ ಬಿಟ್ಟ ಮನೆ ಗಂಡಸು ವರ್ಷ ತುಂಬೋದ್ರೊಳಗೆ ಸತ್ತು ಹೋಗ್ತಾನಲ್ಲ! ಇವನಪ್ಪ ಜಾಗ ಬಿಟ್ಟ ವರ್ಷವೇ ಮರದಿಂದ ಬಿದ್ದು ಸತ್ತ. ಜಗಳ ಆಗಿದ್ದು ಅದಕ್ಕೇ. ಇವನು ಬಾಗಿಲು ಒದ್ದು ಹೋದ."

"ಎದ್ದೇಳಜ್ಜಿ," ಎಂದರು ದೋನಾ ಜೆರ್ಮಾನ. "ಜೆಫೆರಿನೊ, ಚೀಲ ತಗೋ."

ಮೊದಲು ಹೆಣ ಇಟ್ಟಿದ್ದ ಚರ್ಚಿಗೆ ಹೋದೆವು. ಅವರು ಇದಲೀನಳ ಅಂಗೈಗಳನ್ನು ದೀಪಕ್ಕೆ ಹಿಡಿದು ತುಂಬ ಹೊತ್ತು ನೋಡಿದರು. ಕತ್ತಿನ ಸುತ್ತ ಅಂಗಿಯ ದಾರ ಕೊರೆದ ಕೆಂಪು ಗೆರೆಯಿತ್ತು. ಅಲ್ಲಿಂದ ಠಾಣೆಗೆ ಹೋದೆವು. ಕಂಬಿಯಾಚೆ ಲೀನೊ ಗೋಡೆಗೆ ತಲೆ ಬಡಿದುಕೊಳ್ಳುತ್ತಿದ್ದ.

"ಅವನ ಕೈ ಮೂಸಿ ನೋಡು," ಎಂದರು.

"ಅಮ್ಮಾವ್ರೆ, ಊರಿನವರ ಮೂಗು ಹಿಡಿಯೋದು ನನ್ನ ಕಸುಬು, ಕೈ ಮೂಸೋದಲ್ಲ," ಎಂದೆ. ಆದರೂ ಮೂಸಿದೆ. ಸಾರಾಯಿ, ಬೂದಿ, ಹೊಗೆ. ಬೇರೇನೂ ಇಲ್ಲ.

"ಈಗ ನಿನ್ನದು."

ಮೂಸಿದೆ. ಎಸ್ತೇವ ಗಿಡದ ಅಂಟಿನ ಕಟುವಾಸನೆ! ಪಂಜಿನ ಹಿಡಿಗೆ ಆ ಗಿಡದ ಕಡ್ಡಿಗಳನ್ನೇ ಸುತ್ತುತ್ತೇವೆ. ಹಿಡಿದವನ ಅಂಗೈ ಕಪ್ಪಗಾಗಿ, ನೀರಿಗೂ ಸೋಪಿಗೂ ಜಗ್ಗದೆ ಹಬ್ಬದ ವಾರವಿಡೀ ಹಾಗೇ ಇರುತ್ತದೆ. ನಾನು ಅವರ ಮುಖ ನೋಡಿದೆ. ಅವರು ಚೀಲದ ಕಡೆ ಬೆರಳು ತೋರಿಸಿ ಹೊರನಡೆದರು. ಮನಸ್ಸಿನಲ್ಲಿದ್ದದ್ದನ್ನು ಹೇಳದಿರುವುದು ಅವರ ಚಟ, ಅದಕ್ಕೇ ನನಗೆ ಅರ್ಧ ಕೂದಲು ಉದುರಿದೆ.

ದಾರಿಯಲ್ಲಿ ಬೇಸರ ಕಳೆಯಲೆಂದು ಬಾವಿಕಟ್ಟೆಯ ಹೆಂಗಸರ ಮಾತನ್ನೂ ಬಝೀಲಿಯೊನ ಕುಡಿತವನ್ನೂ ಆಡಿಕೊಂಡು ನಕ್ಕೆ. ಅವರು ನಡುಬೀದಿಯಲ್ಲಿ ನಿಂತುಬಿಟ್ಟರು.

"ಹೆಣ ಎತ್ತೋಕೆ ಮೊದಲೇ ಗಂಟೆ ಬಡಿದಿತ್ತಾ?"

"ಎತ್ತೋಕೆ ಹಗ್ಗವೇ ನನ್ನ ಹೆಗಲ ಮೇಲಿತ್ತಲ್ಲ!"

"ಇಷ್ಟು ಹೊತ್ತು ಯಾಕೆ ಹೇಳ್ಲಿಲ್ಲ, ಮಹಾರಾಯ?" ಎಂದವರೇ ಬಝೀಲಿಯೊನ ಮನೆಗೆ ನಡೆದರು.

ಸೋಮವಾರ ಇದಲೀನಳ ಮಣ್ಣು ಮುಗಿದ ಮೇಲೆ ದೋನಾ ಜೆರ್ಮಾನ ನಮ್ಮನ್ನೆಲ್ಲ ಸಂಘದ ಮನೆಗೆ ಕರೆಸಿದರು. ಲೀನೊನನ್ನು ಕೈಕೋಳದಲ್ಲೇ ತಂದು ಕೂರಿಸಿದರು. ಅಜ್ಜಿ ಅವನ ತೋಳು ಬಿಡಲಿಲ್ಲ. ಯಜಮಾನರು ಗೋಡೆಗೆ ತೂಗಿದ ಕೆಂಪು ಅಂಗಿಗಳ ಕೆಳಗೆ ತಮ್ಮ ಕುರ್ಚಿಯಲ್ಲಿದ್ದರು.

"ಬೇಗ ಹೇಳಿ ಮುಗಿಸಿ ಅಮ್ಮ," ಎಂದ ದಫೇದಾರ. "ನಾಳೆ ಗಾಡಿ ಬರುತ್ತೆ."

"ಮೆರವಣಿಗೇಲಿ ನಡೆದವರೆಲ್ಲ ಅಂಗೈ ತೋರಿಸಿ," ಎಂದರು ಅವರು. ಎಲ್ಲರ ಅಂಗೈಯೂ ಕಪ್ಪಗಿತ್ತು. "ಈಗ ಲೀನೊ."

ಅವನ ಅಂಗೈ ಬೆಳ್ಳಗಿತ್ತು.

"ಎಣ್ಣೆ ಹಚ್ಚಿ ತೊಳೆದಿರಬೋದು," ಎಂದ ದಫೇದಾರ.

"ಎಣ್ಣೆ ಹಚ್ಚಿದ್ರೂ ಉಗುರಸಂದಿದು ಹೋಗಲ್ಲ, ನಿನ್ನ ಕೈಮೇಲೆ ನೋಡಿಕೋ. ಅವನು ಪಂಜು ಹಿಡಿದೇ ಇಲ್ಲ. ಹಿಡಿದ ಕೈ ಈಗ ಮಣ್ಣೊಳಗಿದೆ. ತೊಟ್ಟಿ ನೀರಲ್ಲಿ ನೆಂದ್ರೂ ಆ ಅಂಗೈಯ ಅಂಟು ಹೋಗಿರಲಿಲ್ಲ. ಸಾಲಲ್ಲಿ ನಡೆದವಳು ಇದಲೀನ. ಮಾತಾಡಿದ್ರೆ ಗುಟ್ಟು ಬಯಲಾಗುತ್ತೆ ಅಂತ ಅವಳು ಕೂಗಲಿಲ್ಲ. ಅಂಗಿಯನ್ನ ಅವಳಿಗೆ ಯಾರೂ ಸುತ್ತಲಿಲ್ಲ, ಅವಳೇ ತೊಟ್ಟಿದ್ದಳು."

ಕೋಣೆಯಲ್ಲಿ ಗುಸುಗುಸು ಎದ್ದಿತು. ಹೆಂಗಸು! ಸಂಘದ ಅಂಗಿಯಲ್ಲಿ! ಲೀನೊ ಮಾತ್ರ ತನ್ನ ಅಂಗೈಗಳನ್ನೇ ನೋಡುತ್ತಿದ್ದ.

"ಇನ್ನು ಗಂಟೆ ವಿಷಯ. ಬಝೀಲಿಯೊ, ನಿನ್ನೆ ಸಾವಿನ ಗಂಟೆ ಹೊಡೆದದ್ದು ನೀನಾ?"

"ಊರೆಲ್ಲ ನನ್ನ ಕುಡುಕ ಅಂತ ನಗ್ತಿದೆ," ಎಂದು ಬಝೀಲಿಯೊ ಸಿಡಿದ. "ನಾನು ಊರಲ್ಲೇ ಇರಲಿಲ್ಲ! ಪಾದ್ರಿಗಳ ಜೊತೆ ಬೆಟ್ಟದಾಚೆ ರೋಗಿ ಮನೆಗೆ ಹೋಗಿದ್ದೆ. ಅವರನ್ನೇ ಕೇಳಿ. ಗೋಪುರದ ಬೀಗದಕೈಯೂ ನನ್ನ ಸೊಂಟದಲ್ಲೇ ಇತ್ತು."

"ಇನ್ನೊಂದು ಬೀಗದಕೈ?"

ಇನ್ನೊಂದು ಯಾರ ಬಳಿ ಇರುತ್ತದೆಂದು ಊರಿಗೇ ಗೊತ್ತು. ಎಲ್ಲರ ಕಣ್ಣೂ ಯಜಮಾನರ ಕುರ್ಚಿಯ ಕಡೆ ಹೊರಳಿತು.

"ಹೌದು, ನಾನೇ ಹೊಡೆದೆ," ಎಂದರು ಅಮಾನ್ಸಿಯೊ ತೇಲೆಸ್. "ಬಝೀಲಿಯೊ ಸಿಗಲಿಲ್ಲ. ಅದರಲ್ಲೇನು ತಪ್ಪು?"

"ಎಷ್ಟು ಪೆಟ್ಟು, ಯಜಮಾನ್ರೆ?"

ಅವರು ತಲೆ ಮೇಲಿನ ಕೆಂಪು ಅಂಗಿಗಳ ಕಡೆ ನೋಡಿದರು.

"ತೊಟ್ಟಿ ಬಾಯಲ್ಲಿ ನಿಂತು 'ಅಯ್ಯೋ ಲೀನೊ' ಅಂದವರು ನೀವು. ಹೆಣದ ಮುಖ ಇನ್ನೂ ಯಾರೂ ನೋಡಿರಲಿಲ್ಲ. ಅಲ್ಲಿದ್ದವರೆಲ್ಲ ಗಂಡಸು ಅಂದುಕೊಂಡಾಗ ನೀವು ಗೋಪುರ ಹತ್ತಿ ಎರಡೆರಡು ಪೆಟ್ಟು ಹೊಡೆದ್ರಿ. ಸತ್ತವಳು ಹೆಂಗಸು ಅಂತ ಆ ಹೊತ್ತಲ್ಲಿ ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ. ಅವಳ ಕತ್ತಿನ ಅಂಗಿ ದಾರ ಎಳೆದವರಿಗೆ."

ಯಜಮಾನರು ಎದ್ದು ಕೂಗಾಡುತ್ತಾರೆ ಎಂದುಕೊಂಡೆ. ಇಲ್ಲ. ಅವರ ಬೆನ್ನು ಬಾಗಿತು.

"ಪಂಜು ಇಡೋವಾಗ ಅವಳ ಮುಸುಕು ಜಾರ್ತು," ಎಂದರು ಮೆಲ್ಲಗೆ. "ನನ್ನ ತಾತ, ಮುತ್ತಾತ ಕಾಪಾಡಿದ ಅಂಗಿ. ಬಿಚ್ಚು ಅಂದೆ. 'ಊರೆಲ್ಲ ಮನೆ ಸೇರಲಿ, ಬಿಚ್ಚಿ ಕೊಡ್ತೀನಿ. ಈಗ ಬಿಚ್ಚಿದ್ರೆ ಜಾಗ ಖಾಲಿ ಇತ್ತು ಅಂತ ಆಗುತ್ತೆ, ಲೀನೊ ಸಾಯ್ತಾನೆ' ಅಂದ್ಲು. ನಾನು ಎಳೆದೆ, ಅವಳು ಬಿಡಲಿಲ್ಲ. ಕೊನೆಗೆ ದೂಡಿದೆ. ಬಿದ್ದ ಮೇಲೆ ಕೂಗಿದ್ಲು." ಅಂಗೈಯ ಕಪ್ಪನ್ನು ಉಜ್ಜಿಕೊಂಡರು. "ನಾನು ಯಾರನ್ನೂ ಕರೀಲಿಲ್ಲ."

"ಮೂರು ಹೊಡೆದಿದ್ರೆ ನೀವು ಸಿಗ್ತಾನೇ ಇರಲಿಲ್ಲ," ಎಂದ ದಫೇದಾರ, ಅವನಿಗೇ ನಂಬಿಕೆಯಾಗದೆ.

"ಗೊತ್ತಿತ್ತು. ಆದ್ರೆ ಗಂಟೆ ಹಗ್ಗ ಕೈಗೆ ಬಂದಾಗ ಆಗಲಿಲ್ಲ. ಹೆಂಗಸಿನ ಆತ್ಮಾನ ಗಂಡಸಿನ ಗಂಟೆ ಹೊಡೆದು ಕಳಿಸೋದು ಹೇಗೆ? ಅದು ಪಾಪ."

"ಗಂಡಸಿನ ಅಂಗಿ ತೊಟ್ಟಳು ಅಂತ ಸಾಯೋಕೆ ಬಿಟ್ರಿ," ಎಂದರು ದೋನಾ ಜೆರ್ಮಾನ. ಅವರ ದನಿ ನಡುಗಿದ್ದನ್ನು ಅಂದೇ ಮೊದಲು ಕೇಳಿದೆ. "ಗಂಟೆ ತಪ್ಪಿದ್ರೆ ಮಾತ್ರ ಪಾಪ ಅಂತೀರಿ. ಅವಳು ನೀರಲ್ಲಿ ಕೂಗಿದ್ದನ್ನ ಯಾವ ಲೆಕ್ಕಕ್ಕೆ ಹಾಕ್ತೀರಿ, ಯಜಮಾನ್ರೆ?"

ದಫೇದಾರ ಲೀನೊನ ಕೋಳ ಬಿಚ್ಚಿ ಯಜಮಾನರಿಗೆ ತೊಡಿಸಿದ. ಲೀನೊ ಕೈ ಕೆಳಗಿಳಿಸಲೇ ಇಲ್ಲ, ಕಟ್ಟಿದ ಹಾಗೆಯೇ ಮುಂದೆ ಚಾಚಿಕೊಂಡು ನಿಂತ.

"ಬಿಚ್ಚಬೇಡಿ," ಎಂದ. "ನನ್ನನ್ನೂ ಕರ್ಕೊಂಡು ಹೋಗಿ."

ಅಜ್ಜಿ ಅವನ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡು, "ನಡಿ ಮಗ, ಮನೆಗೆ ಹೋಗೋಣ," ಎಂದಳು.

ಮುಂದಿನ ಈಸ್ಟರಿಗೆ ಅವನು ಸಾಲಿಗೆ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ತೇಪೆ ಹಾಕಿದ ಅಂಗಿ ಇದಲೀನಳ ಜೊತೆಗೇ ಮಣ್ಣಿಗೆ ಹೋಗಿತ್ತು. ಹಾಗಾಗಬೇಕೆಂದು ಹಟ ಹಿಡಿದವರು ದೋನಾ ಜೆರ್ಮಾನ. ನನ್ನ ಮುಂದಿನ ಜಾಗವನ್ನು ಹಾಗೇ ಖಾಲಿ ಬಿಟ್ಟುಕೊಂಡು ನಾವು ನಡೆಯುತ್ತೇವೆ. ಲೀನೊ ಕುಡಿತ ಬಿಟ್ಟ. ಶನಿವಾರ ನನ್ನಲ್ಲಿಗೆ ಗಡ್ಡ ಹೆರೆಸಲು ಬರುತ್ತಾನೆ. ಒಮ್ಮೆ ನಾನು ತಡೆಯಲಾರದೆ ಕೇಳಿಯೇಬಿಟ್ಟೆ.

"ಜಾಗ ಖಾಲಿ ಬಿಟ್ರೆ ಭಯ ಆಗಲ್ವೇನೋ?"

"ಎಷ್ಟು ವರ್ಷದಿಂದ ಖಾಲಿ ಬಿಡ್ತಿದ್ದೀನಿ, ಜೆಫೆರಿನಣ್ಣ," ಎಂದ, ಕನ್ನಡಿಯಲ್ಲಿ ನನ್ನನ್ನು ನೋಡುತ್ತ. "ಸಾವು ಬರ್ತಾನೇ ಇಲ್ಲ. ಅವಳು ಅಷ್ಟು ಗಟ್ಟಿಯಾಗಿ ನಿಂತುಬಿಟ್ಟಿದ್ದಾಳೆ ನನ್ನ ಜಾಗದಲ್ಲಿ."