ಆರರೊಳಗಿನ ಎರಡು

"ತಪ್ಪು!"

ಹುಮನಾಬಾದಿನ ಆ ಕೋಚಿಂಗ್ ಕ್ಲಾಸಿನಲ್ಲಿ ಎಲ್ಲರೂ ಹೊರಳಿ ನೋಡಿದರು. ಬೋರ್ಡಿನ ಮುಂದೆ ನಿಂತು ಹಾಗೆಂದವನು ಸಂಜೀವಕುಮಾರ. ಅವನೂ ಸರಕಾರಿ ನೌಕರಿ ಪರೀಕ್ಷೆಗೆ ಓದುವವನೇ. ಗಣಿತ ಚಲೋ ಬರುತ್ತದೆಂದು ಉಳಿದವರಿಗೆ ಹೇಳಿಕೊಡುತ್ತಿದ್ದ. ಉತ್ತರ ಹೇಳಲು ಎದ್ದು ನಿಂತವಳು ಬಸವಕಲ್ಯಾಣದ ಜಯಮಾಲಾ. ಅವಳಿಗದು ಮೊದಲ ದಿನ.

ಒಂದು ಸಂಖ್ಯೆ ನಾಲ್ಕರಿಂದ ಭಾಗವಾಗುತ್ತದೆ, ಆರರಿಂದಲೂ ಆಗುತ್ತದೆ. ಅದು ಇಪ್ಪತ್ನಾಲ್ಕರಿಂದ ಭಾಗವಾಗುತ್ತದೋ ಇಲ್ಲವೋ ಹೇಳಲು ಇಷ್ಟು ಮಾಹಿತಿ ಸಾಕೇ? ಇಷ್ಟೇ ಪ್ರಶ್ನೆ.

"ನಾಲ್ಕಾರಲೆ ಇಪ್ಪತ್ನಾಲ್ಕಲ್ರಿ? ಸಾಕು," ಎಂದಿದ್ದಳು ಅವಳು.

"ಹನ್ನೆರಡು ತಗೋರಿ. ನಾಲ್ಕರಿಂದ ಹೋಗ್ತದ, ಆರರಿಂದನೂ ಹೋಗ್ತದ. ಇಪ್ಪತ್ನಾಲ್ಕರಿಂದ?"

"ಹೋಗಂಗಿಲ್ರಿ," ಎಂದಳು ಅವಳು.

"ನಾಲ್ಕು ಒಡದ್ರ ಎರಡು, ಎರಡು. ಆರು ಒಡದ್ರ ಎರಡು, ಮೂರು. ಆರರೊಳಗಿನ ಎರಡು, ನಾಲ್ಕರೊಳಗಿಂದೇ ಇರಬಹುದಲ್ರಿ? ಒಂದನ್ನೇ ಎರಡು ಸಲ ಎಣಿಸೀರಿ."

ಹಿಂದಿನ ಬೆಂಚಿನ ಗೌಹರ ಕಿಸಕ್ಕನೆ ನಕ್ಕಳು. ಜಯಮಾಲಾಗೆ ಮೈಯೆಲ್ಲ ಉರಿ... ಆದರೂ ಅವನ ಕಣ್ಣಲ್ಲಿ ಕುಚೋದ್ಯ ಇರಲಿಲ್ಲವಲ್ಲ!

ಅಂದಿನಿಂದ ದಿನಾ ಸಂಜೆ ಅವನು ಅವಳ ಮೊಬೈಲಿಗೆ ಒಂದು ಲೆಕ್ಕ ಕಳಿಸುವನು. ತಾಯಿ ತಂದೆ ಇಲ್ಲದೆ ಅಣ್ಣನ ಮನೆಯಲ್ಲಿದ್ದ ಅವಳನ್ನು ಉಂಡೆಯಾ ಎಂದು ಕೇಳುವವರಿರಲಿಲ್ಲ. ಲೆಕ್ಕದ ಕೆಳಗೆ ಅವನು ಬರೆಯುವ 'ಊಟ ಆತೇನ್ರಿ?' ಅಷ್ಟೇ ಅವಳ ಆಸರೆ.

ಆಮೇಲೊಂದು ದಿನ ಕ್ಲಾಸಿನ ವಿಜಯಶ್ರೀ ಅಂದಳು, "ಸಂಜೀವಕುಮಾರಂದು ಲಗ್ನ ಗಟ್ಟಿ ಆತಂತ. ಹುಲಸೂರದ ಹುಡುಗಿ."

ಬಸ್ಸಿನಲ್ಲಿ ಗೌಹರಳೂ ಅದನ್ನೇ ಅಂದಳು.

ಇಬ್ಬರು ಹೇಳಿದ ಮೇಲೆ ಇನ್ನೇನು ಉಳಿಯಿತು? ಜಯಮಾಲಾ ಕ್ಲಾಸು ಬಿಟ್ಟಳು. ಅವನ ಲೆಕ್ಕಗಳಿಗೆ ಉತ್ತರ ಕೊಡಲಿಲ್ಲ. ಸಂಜೆಯಾದರೆ ಮಾಳಿಗೆಯ ಮೇಲೆ ಒಣಹಾಕಿದ ತೊಗರಿಬೇಳೆಯಲ್ಲಿ ಕೈಯಾಡಿಸುತ್ತ ಕೂರುವಳು. ಕೆಳಗೆ ಅಣ್ಣ, ವೈನಿ, ಮಕ್ಕಳ ನಗು... ಅದರಲ್ಲಿ ಅವಳದೇನೂ ಇರಲಿಲ್ಲ.

ಪರೀಕ್ಷೆ ಹತ್ತಿರ ಬಂತೆಂದು ಮನಸ್ಸಿಲ್ಲದೆ ಪುಸ್ತಕ ತೆರೆದಳು. ಹತ್ತರಿಂದ ಭಾಗವಾಗುತ್ತದೆ, ಹದಿನೈದರಿಂದ ಭಾಗವಾಗುತ್ತದೆ, ನೂರೈವತ್ತರಿಂದ? ಹತ್ತು, ಹದಿನೈದು ಎರಡರೊಳಗೂ ಇರುವುದು ಒಂದೇ ಐದು ಇದ್ದೀತು. ಸಾಲದು...

ಪೆನ್ನು ನಿಂತಿತು. ಅವಳು ಗೌಹರಳಿಗೆ ಫೋನ್ ಹಚ್ಚಿದಳು.

"ಸಂಜೀವಕುಮಾರನ ಲಗ್ನದ ಮಾತು ನಿನಗ ಯಾರು ಹೇಳಿದ್ರು?"

"ವಿಜಯಶ್ರೀನೇ ಹೇಳಿದ್ಲು. ಯಾಕವಾ, ಇನ್ನಾ ಅದನ್ನೇ ಹಿಡ್ಕೊಂಡು ಅಳಾಕತ್ತೀಯೇನು?"

ಬಾಯಿ ಎರಡು, ಮಾತು ಒಂದೇ! ಆದರೆ ಆ ಒಂದಾದರೂ ಖರೇ ಇದ್ದರೆ? ಅವನನ್ನೇ ಕೇಳಬೇಕು. ಅವನು ಹೌದೆಂದರೆ, ಈ ಮಾಳಿಗೆಯೇ ಗತಿ.

ಮರುದಿನ ಹುಮನಾಬಾದಿನ ಬಸ್ಸು ಹತ್ತಿದಳು.

ಅವನು ಕ್ಲಾಸಿಗೆ ಬೀಗ ಹಾಕುತ್ತಿದ್ದ. ಅವಳನ್ನು ಕಂಡು ಕೈ ಹಾಗೇ ನಿಂತಿತು.

"ಹುಲಸೂರಕ್ಕ ಹೋಗಿದ್ರೇನ್ರಿ?"

"ಹೋಗಿದ್ನ್ರಿ. ನಮ್ಮ ತಮ್ಮ ಅಜೀತಗ ಹೆಣ್ಣು ನೋಡಾಕ."

"ಅಣ್ಣನ್ನ ಬಿಟ್ಟು ತಮ್ಮಗ?"

"ಅಣ್ಣನ ಮನಸು ಬಸವಕಲ್ಯಾಣದಾಗ ಅದ ಅಂತ ಮನ್ಯಾಗ ಹೇಳೀನ್ರಿ." ಅವನ ದನಿ ತಗ್ಗಿತು. "ನೀವು ಒಮ್ಮೆ ಕೇಳಬಾರದಿತ್ತೇನು? ದಿನಾ ದಾರಿ ನೋಡಿದೆ..."

"ಹೌದು ಅಂದೀರಿ ಅಂತ ಹೆದರಿಕಿ ಆತ್ರಿ."

ಅವಳ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು ಬೇರೆಲ್ಲೋ ನೋಡುತ್ತ ಅಂದಳು, "ಐತವಾರ ಅಣ್ಣ ಮನ್ಯಾಗ ಇರ್ತಾನ. ಬಂದು ಕೇಳ್ರಿ."

"ಏನಂತ ಕೇಳ್ಲಿ?"

"ಅಯ್ಯ, ಅದನ್ನೂ ನಾನೇ ಹೇಳಿಕೊಡಬೇಕೇನ್ರಿ!"