ಗೋಡೆ ಕುಡಿದ ಗಾಳಿ

2061ರ ಫಾಲ್ಗುಣದ ಆ ಮುಂಜಾನೆ ಧಾರವಾಡದಲ್ಲಿ ಇಬ್ಬನಿ ಬಿದ್ದಿತ್ತು. ಏಳು ವರ್ಷಗಳ ಮೇಲೆ ಬಿದ್ದ ಇಬ್ಬನಿ. ರಾಷ್ಟ್ರೀಯ ಹವಾಮಾನ ಸಮ್ಮೇಳನಕ್ಕೆ ಬಂದ ವಿಜ್ಞಾನಿಗಳು ಚಹಾದ ಲೋಟ ಹಿಡಿದು ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದು ನೋಡಿದರು. ಬಿಸಿಲೇರುವ ಮೊದಲೇ ಅದು ಆರಿಹೋಯಿತು.

ಒಳಗೆ, ವೇದಿಕೆಯ ಮೇಲೆ ಸಿಂಚನಾ ಹಂಪಣ್ಣವರ ತಾನು ಕಂಡುಹಿಡಿದ ಪದರದರ್ಶಿ ಯಂತ್ರದ ಕೆಳಗೆ ಎರಡು ಬೆರಳು ದಪ್ಪದ ಗಾರೆಯ ಚಕ್ಕೆಯೊಂದನ್ನು ಇಟ್ಟಳು. ಬೆಳಕಿನ ಎಳೆಯೊಂದು ಅದರ ಅಂಚಿನ ಮೇಲೆ ಹರಿದಂತೆ ಹಿಂದಿನ ತೆರೆಯಲ್ಲಿ ಗೆರೆಗಳು ಮೂಡತೊಡಗಿದವು. ಒಂದು ಗೆರೆ ಅಂದರೆ ಒಂದು ವರ್ಷ.

ಚಕ್ಕೆ ಮಲಪ್ರಭೆಯ ದಂಡೆಯ ಕೊಡ್ಲಿವಾಡದ ಬಸವಣ್ಣನ ಗುಡಿಯದು. ಪ್ರತಿ ಯುಗಾದಿಗೆ ಮುಂಚೆ ಆ ಗೋಡೆಗೆ ಸುಣ್ಣ ಬಳಿಯುವುದು ಮುನ್ನೂರು ವರ್ಷಗಳ ಪದ್ಧತಿ. ಸುಣ್ಣದಕಲ್ಲನ್ನು ಸುಟ್ಟಾಗ ಒಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಗೋಡೆಗೆ ಬಳಿದ ಮೇಲೆ ಸುಣ್ಣವು ಅದನ್ನೇ ಗಾಳಿಯಿಂದ ಹೀರಿ ಮತ್ತೆ ಕಲ್ಲಾಗುತ್ತದೆ. ಹೀಗೆ ಆಯಾ ವರ್ಷದ ಗಾಳಿ ಆಯಾ ಪದರದಲ್ಲಿ ಉಳಿಯುತ್ತದೆ. ಒಲೆಯ ಕಟ್ಟಿಗೆಯ ಇಂಗಾಲಕ್ಕೂ ಕೋಟಿಗಟ್ಟಲೆ ವರ್ಷ ನೆಲದಡಿ ಕೂತ ಕಲ್ಲಿದ್ದಲಿನ ಇಂಗಾಲಕ್ಕೂ ಇರುವ ಸಣ್ಣ ವ್ಯತ್ಯಾಸವನ್ನು ಪದರದರ್ಶಿ ಹಿಡಿಯುತ್ತಿತ್ತು. ಯಾವ ವರ್ಷ ಯಾವ ಹೊಗೆ ಎಷ್ಟು, ಗೋಡೆಯೇ ಹೇಳುತ್ತಿತ್ತು.

ಆದರೆ ನಡುವೆ ಹನ್ನೆರಡು ವರ್ಷ ಗೋಡೆ ಏನನ್ನೂ ಹೇಳುತ್ತಿರಲಿಲ್ಲ. 2019ರಿಂದ 2031ರವರೆಗೆ ಗುಡಿಗೆ ಎಣ್ಣೆಬಣ್ಣ ಬಳಿದಿದ್ದರು. ಬಣ್ಣ ಗಾಳಿ ಕುಡಿಯುವುದಿಲ್ಲ. ಊರ ಪಕ್ಕದ ಸಿಮೆಂಟ್ ಕಾರ್ಖಾನೆ ಶುರುವಾದದ್ದೂ ಅದೇ ವರ್ಷಗಳಲ್ಲಿ. ಈಗ ಅದು ಎರಡನೇ ಭಟ್ಟಿಗೆ ಅನುಮತಿ ಕೇಳುತ್ತಿತ್ತು. ಶುರುವಾದಾಗಿನ ಹೊಗೆಯ ಲೆಕ್ಕ ಸಮ್ಮೇಳನದ ದಾಖಲೆಯಲ್ಲಿ ಪೂರ್ತಿಯಿದ್ದರಷ್ಟೇ ಅದು ಸಿಗುವುದು.

ಬೆಳಿಗ್ಗೆ ಹುಲ್ಲಿನ ಮೇಲೆ ನಿಂತಾಗಲೇ ಸಮ್ಮೇಳನದ ಅಧ್ಯಕ್ಷರು, ಒಂದು ಕಾಲಕ್ಕೆ ಅವಳ ಗುರುಗಳಾಗಿದ್ದ ಅನಂತಶಯನರು, ಮಾತು ತೆಗೆದಿದ್ದರು.

“ನೋಡಮ್ಮ, ಇಂಥ ತೂತಿಟ್ಟುಕೊಂಡ ಯಂತ್ರವನ್ನು ಯಾರೂ ನಂಬೋದಿಲ್ಲ. ಆ ವರ್ಷಗಳ ಅಂಕಿ ಕಾರ್ಖಾನೆ ಕೊಟ್ಟಿದೆ, ತುಂಬಿಸಿಬಿಡು. ಸಂಜೆಯ ನಿರ್ಣಯದಲ್ಲಿ ನಿನ್ನ ಯಂತ್ರವನ್ನು ದೇಶದ ಸಾವಿರ ಗೋಡೆಗಳಿಗೆ ಶಿಫಾರಸು ಮಾಡ್ತೀವಿ.”

“ಆ ಅಂಕಿ ನಂಬಿದ್ರ ಅವರ ಚಿಮಣಿಯಿಂದ ಹೊಗೀನ ಬಂದಿಲ್ಲ, ಸರ್.”

“ಸಾವಿರ ಗೋಡೆ ದೊಡ್ಡದೋ, ಹನ್ನೆರಡು ವರ್ಷ ದೊಡ್ಡದೋ?”

ಅವಳು ಚಹಾದ ಲೋಟ ಹುಲ್ಲಿನ ಮೇಲಿಟ್ಟು ಒಳಗೆ ನಡೆದಿದ್ದಳು. ಯಂತ್ರಕ್ಕೆ ಅವಳು ಸುರಿದದ್ದು ಇಪ್ಪತ್ತು ವರ್ಷಗಳ ಆಯುಷ್ಯ.

ಈಗ ತೆರೆಯ ಮೇಲಿನ ಗೆರೆಗಳು ಆ ಜಾಗಕ್ಕೆ ಬಂದವು, ತೆರೆ ಕಪ್ಪಾಯಿತು. ಅಧ್ಯಕ್ಷರು ಮೆಲ್ಲಗೆ ಕೆಮ್ಮಿದರು. “ಇಲ್ಲಿ ಪೂರಕ ಅಂಕಿಗಳನ್ನು ಸೇರಿಸಬಹುದು.”

ಸಿಂಚನಾ ಒಂದು ಗಳಿಗೆ ಕಣ್ಣು ಮುಚ್ಚಿದಳು. ಚಕ್ಕೆ ಪಡೆದ ದಿನ ಕೊಡ್ಲಿವಾಡದ ಗರ್ಭಗುಡಿಯಲ್ಲಿ ಕಂಡ ನಂದಾದೀಪ ಕಣ್ಣ ಮುಂದೆ ಬಂತು.

“ಇಲ್ಲ ಸರ್. ಗೋಡೆ ಹೇಳದ್ದನ್ನು ನಾನು ಹೇಳೂದಿಲ್ಲ. ಖಾಲಿ ಇದ್ದದ್ದು ಖಾಲಿ ಅಂತನ ದಾಖಲಾಗಲಿ.”

ಕಾರ್ಖಾನೆಯ ಪ್ರತಿನಿಧಿ ಕೂತಲ್ಲಿಂದಲೇ ಕೇಳಿದ: “ಹಾಗಾದರೆ ನಿಮ್ಮ ಗೋಡೆ ಹನ್ನೆರಡು ವರ್ಷ ನಿದ್ದೆ ಹೊಡೀತಿತ್ತಾ, ಮೇಡಂ?”

ಸಭೆಯಲ್ಲಿ ನಗು ಹರಿದಾಡಿತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಎದ್ದು ನಿಂತವಳು ಸಾವಂತ್ರೆವ್ವ. ಕೊಡ್ಲಿವಾಡದ ಗುಡಿಗೆ ಸುಣ್ಣ ಬಳಿಯುವ ಮನೆತನದವಳು, ಎಪ್ಪತ್ತು ದಾಟಿದವಳು. ಯುಗಾದಿಯ ಸುಣ್ಣ ಬಳಿಯುವ ಮೊದಲು ಗೋಡೆಗೆ ಕೂಡಿಸಲು ಹೊಳ್ಳಿ ಕೊಡಬೇಕೆಂಬ ಕರಾರಿನ ಮೇಲೆ ಚಕ್ಕೆ ಕಿತ್ತುಕೊಟ್ಟು, ಅದರ ಕಾವಲಿಗೆಂದೇ ಜೊತೆಯಲ್ಲಿ ಬಂದಿದ್ದಳು.

“ಗ್ವಾಡಿ ಮಲಗಿರಲಿಲ್ರೀ ಸಾಹೇಬ್ರ, ನಾವ ಅದರ ಬಾಯಿ ಮುಚ್ಚಿದ್ವಿ. ಬಣ್ಣದ ಡಬ್ಬಿ ನಿಮ್ಮ ಕಾರ್ಖಾನಿ ಕಾಣಿಕಿ, ಬಳದ ಕೈ ನಂದು. ವರ್ಷಾ ಸುಣ್ಣ ಹಚ್ಚೂ ತ್ರಾಸು ತಪ್ಪತೈತಿ ಅಂದ್ರು. ತಪ್ಪಿತು. ಗುಡಿ ಚಂದ ಕಂಡಿತು ಅಂತ ನಾನೂ ಊದಬತ್ತಿ ಹಚ್ಚಿ ಕೈ ಮುಗದೆ.” ಅವಳು ಸೆರಗು ಸರಿಮಾಡಿಕೊಂಡಳು. “ಆ ಖಾಲಿ ಜಾಗದಾಗ ಏನರ ಬರೀಬೇಕಂದ್ರ ನನ್ನ ಹೆಸರು ಬರೀರಿ. ನಿಮ್ಮ ಅಂಕಿ ಬ್ಯಾಡ.”

ಯಾರೂ ನಗಲಿಲ್ಲ. ಸಭೆಯ ದಾಖಲೆಗಾರ ಅಧ್ಯಕ್ಷರ ಮುಖ ನೋಡಿದ. ಅವರು ತಲೆ ತಗ್ಗಿಸಿದ್ದರು. ಅವನು ಹನ್ನೆರಡು ವರ್ಷ ‘ಖಾಲಿ’ ಎಂದು ಬರೆದುಕೊಂಡ.

ಸಂಜೆಯ ನಿರ್ಣಯದಲ್ಲಿ ಪದರದರ್ಶಿಯ ಹೆಸರಿರಲಿಲ್ಲ. ಕಾರ್ಖಾನೆಯ ಅಂಕಿಗಳೂ ಇರಲಿಲ್ಲ. ಹನ್ನೆರಡು ವರ್ಷ ಖಾಲಿಯೆಂದು ದಾಖಲಾದ ಮೇಲೆ ಅವಕ್ಕೆ ಜಾಗ ಉಳಿದಿರಲಿಲ್ಲ. ಎರಡನೇ ಭಟ್ಟಿಯ ಅರ್ಜಿ ಅಲ್ಲಿಗೇ ನಿಂತಿತು.

“ಸಾವಿರ ಗೋಡೆ ಕಳಕೊಂಡೆಯಲ್ಲಮ್ಮ,” ಎಂದರು ಅನಂತಶಯನರು ಮೆಟ್ಟಿಲಿಳಿಯುತ್ತ.

“ಒಂದು ಉಳೀತು, ಸರ್.”

ಸಾವಂತ್ರೆವ್ವ ಈ ಸಲ ಕಾವಲು ಬಿಟ್ಟು, ಚಕ್ಕೆಯನ್ನು ಸಿಂಚನಾಳ ಕೈಯಲ್ಲೇ ಉಳಿಸಿ ಊರಿಗೆ ಹೋಗಿದ್ದಳು. ಯುಗಾದಿಗೆ ಎರಡು ದಿನವಿದ್ದಾಗ ಸಿಂಚನಾ ಕೊಡ್ಲಿವಾಡದಲ್ಲಿ ಬಸ್ಸಿಳಿದಳು. ಗುಡಿಯ ಮುಂದೆ ಪೀಪಾಯಿಯಲ್ಲಿ ಸುಣ್ಣ ಕುದಿಯುತ್ತಿತ್ತು. ಅವಳು ಚಕ್ಕೆಗೆ ಸುತ್ತಿದ್ದ ಅರಿವೆ ಬಿಚ್ಚಿ, ಅದರ ಅಂಚನ್ನು ಬಿಸಿಲಿಗೆ ಹಿಡಿದು ಕೊನೆಯ ಸಲ ನೋಡಿದಳು. ಬಿಳಿಯ ಪದರಗಳ ನಡುವೆ ಎಣ್ಣೆಬಣ್ಣದ ಒಂದು ನೀಲಿ ಗೆರೆ ಇನ್ನೂ ಮಿರಮಿರ ಮಿಂಚುತ್ತಿತ್ತು. ಆ ವರ್ಷಗಳಲ್ಲಿ ಈ ಗೋಡೆಯ ಮುಂದೆ ದಿನಾ ಹಾದುಹೋದವರು ಗಾಳಿ ಬದಲಾದದ್ದನ್ನು ಮೂಗಿನಿಂದಲೇ ಬಲ್ಲವರು. ಆದರೂ ಗೋಡೆ ಹೊಳೆಯುತ್ತಿದೆಯಲ್ಲ ಎಂದುಕೊಂಡು ಮುಂದೆ ನಡೆದಿದ್ದರು.

“ತಂದಿಯೇನವ್ವಾ?” ಎಂದಳು ಸಾವಂತ್ರೆವ್ವ, ಕೈ ಒರೆಸಿಕೊಳ್ಳುತ್ತ.

ಸಿಂಚನಾ ಚಪ್ಪಲಿ ಬಿಟ್ಟು ಕಟ್ಟೆ ಹತ್ತಿ, ಎರಡೂ ಕೈಯಲ್ಲಿ ಹಿಡಿದು ಚಕ್ಕೆಯನ್ನು ಅವಳ ಸುಣ್ಣದ ಕೈಗಳಲ್ಲಿ ಇಟ್ಟಳು.